‘ಇಷ್ಟೇನಾ?’ ಅನ್ನಿಸುವ ಜಾಗಗಳು

ಪ್ರವಾಸ ಹೋಗಿ ಬಂದವರನ್ನು “ಹೇಗಿತ್ರೀ?” ಎಂದು ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ “ಓ, ತುಂಬಾ ಚೆನ್ನಾಗಿತ್ತು” ಎಂದೇ ಹೇಳುತ್ತಾರೆ. ಖರ್ಚಾದ ದುಡ್ಡು, ಹಾಳಾದ ನಿದ್ದೆ, ಬಸ್ಸಿನಲ್ಲಿ ಕೂತು ಕೂತು ಹಿಡಿದುಕೊಂಡ ಸೊಂಟ, ಇಷ್ಟೆಲ್ಲ ಆದ ಮೇಲೆ “ಅಯ್ಯೋ, ಅಲ್ಲೇನೂ ಇರಲಿಲ್ಲ ಕಣ್ರೀ” ಎನ್ನಲು ಯಾರಿಗೆ ತಾನೇ ಬಾಯಿ ಬಂದೀತು? ಮೊದಲನೇ ಒಗೆತಕ್ಕೇ ಬಣ್ಣ ಬಿಟ್ಟ ಸೀರೆಯನ್ನೂ ನಾಲ್ಕು ಜನರ ಮುಂದೆ ಹೊಗಳಿಯೇ ಉಡುತ್ತೇವಲ್ಲ, ಇದೂ ಹಾಗೆಯೇ.

ಅದರಿಂದ ಯಾರಿಗೇನು ನಷ್ಟ ಅಂತೀರಾ? ನಷ್ಟ ಇದೆ. ಆ ಮಾತು ನಂಬಿ ಹೊರಡುವ ಇನ್ನೊಬ್ಬಳಿಗೆ ನಷ್ಟ. ನಮ್ಮಂಥ ಸಣ್ಣ ಊರಿನ ಗೃಹಿಣಿಯರಿಗೆ ಪ್ರವಾಸವೆಂದರೆ ಭಾನುವಾರದ ಸಿನಿಮಾ ಅಲ್ಲ. ಸಾಸಿವೆ ಡಬ್ಬಿಯಲ್ಲಿ ಸೇರಿಸಿಟ್ಟದ್ದು, ಚೀಟಿ ಎತ್ತಿದ್ದು, ತವರಿನಲ್ಲಿ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು ಎಲ್ಲ ಕೂಡಿಸಬೇಕು. ಅತ್ತೆ ಮಾವನ ಆರೋಗ್ಯ, ಮಕ್ಕಳ ಪರೀಕ್ಷೆ, ಯಜಮಾನರ ರಜ ಮೂರೂ ಹೊಂದಿ ಬರಬೇಕು. ಹೀಗೆ ಐದೋ ಆರೋ ವರ್ಷಕ್ಕೊಮ್ಮೆ ಮನೆ ಬಾಗಿಲಿಗೆ ಬೀಗ ಹಾಕಿ ಹೊರಟವಳಿಗೆ, ಅಲ್ಲಿ ಹೋಗಿ ನಿಂತಾಗ ‘ಇಷ್ಟೇನಾ?’ ಅನ್ನಿಸಿದರೆ ಆ ಬೇಸರ ಸಣ್ಣದಲ್ಲ.

ಅದಕ್ಕೇ ಈ ಸಲ ನಾನು ನಿಮಗೆ ಹೋಗಲೇಬೇಕಾದ ಜಾಗಗಳ ಪಟ್ಟಿ ಕೊಡುತ್ತಿಲ್ಲ. ಹೋಗಿ ‘ಇಷ್ಟೇನಾ?’ ಅಂದುಕೊಂಡು ಬಂದ ಜಾಗಗಳ ಮಾತಾಡೋಣ. ಜಾಗಗಳನ್ನು ಬೈಯುವುದಕ್ಕಲ್ಲ. ಯಾಕೆ ಹಾಗಾಗುತ್ತದೆ ಎಂದು ತಿಳಿದರೆ ನಿಮ್ಮ ದುಡ್ಡೂ ದಿನವೂ ಉಳಿದಾವು ಎಂದು.

ನೀರಿಲ್ಲದ ಜೋಗ

ಜೋಗದಿಂದಲೇ ಶುರು ಮಾಡುತ್ತೇನೆ. ಸಾಯುವುದರೊಳಗೆ ಒಂದು ಸಲ ನೋಡಬೇಕು ಎಂದು ಕನ್ನಡಿಗರೆಲ್ಲ ಆಸೆ ಪಡುವ ಜಾಗವಲ್ಲವೇ ಅದು? ನಮ್ಮತ್ತೆಯವರಿಗೂ ಆ ಆಸೆ ಇತ್ತು. ಅವರ ಕೋಣೆಯ ಗೋಡೆಯ ಮೇಲೆ ಯಾವುದೋ ಹಳೇ ಕ್ಯಾಲೆಂಡರಿನ ಜೋಗದ ಚಿತ್ರ, ವರ್ಷ ಮುಗಿದರೂ ಕೀಳದೆ ಹಾಗೇ ಇತ್ತು. 2017ರ ಮೇ ತಿಂಗಳಲ್ಲಿ, ಮಕ್ಕಳಿಗೆ ಬೇಸಿಗೆ ರಜ ಬಂದಾಗ, ಅರಸೀಕೆರೆಯಿಂದ ಎಲ್ಲರೂ ಹೊರಟೆವು. ತಾಳಗುಪ್ಪದವರೆಗೆ ರೈಲು, ಅಲ್ಲಿಂದ ಬಸ್ಸು.

ಹೋಗಿ ನಿಂತರೆ ಎದುರಿಗೆ ಕಪ್ಪು ಬಂಡೆ. ಅಗಾಧವಾದ ಬಂಡೆ, ಇಲ್ಲವೆನ್ನುವುದಿಲ್ಲ. 830 ಅಡಿ ಎತ್ತರ ಎಂದರೆ ಸುಮ್ಮನೆಯೇ? ಆದರೆ ರಾಜ, ರಾಣಿ, ರೋರರ್, ರಾಕೆಟ್ ಎಂದು ಮಕ್ಕಳು ಪುಸ್ತಕದಲ್ಲಿ ಓದಿದ್ದ ನಾಲ್ಕು ಧಾರೆಗಳ ಜಾಗದಲ್ಲಿ ಒದ್ದೆ ಗೆರೆಗಳಿದ್ದವು. ಒಂದು ಕಡೆ ನಲ್ಲಿಯಲ್ಲಿ ಬಂದಂತೆ ಸ್ವಲ್ಪ ನೀರು. ಅತ್ತೆಯವರು ಕಂಬಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಇಷ್ಟೇನಾ?” ಅಂದರು.

ಜೋಗಕ್ಕೆ ನೀರು ಯಾಕಿಲ್ಲ ಗೊತ್ತೇ? ಜಲಪಾತದಿಂದ ಕೆಲವೇ ಕಿಲೋಮೀಟರ್ ಮೇಲೆ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟೆ ಇದೆ. 1964ರಲ್ಲಿ ಆದದ್ದು. ಮಳೆಗಾಲದಲ್ಲಿ ಬಂದ ನೀರು ಅಲ್ಲಿ ನಿಂತು, ವರ್ಷವಿಡೀ ಬೇರೆ ದಾರಿಯಲ್ಲಿ ವಿದ್ಯುತ್ ಮನೆಗಳಿಗೆ ಹೋಗುತ್ತದೆ. ನಮ್ಮ ಅಡುಗೆಮನೆಯ ದೀಪ ಉರಿಯುವುದು, ಮಿಕ್ಸಿ ತಿರುಗುವುದು ಆ ಪುಣ್ಯದಿಂದಲೂ ಹೌದು. ಆ ಕಟ್ಟೆಗಾಗಿ ಊರು, ಮನೆ, ತೋಟ ನೀರಿಗೆ ಬಿಟ್ಟು ಎದ್ದು ಹೋದವರೂ ಇದ್ದಾರೆ. ಹಾಗಾಗಿ ಜಲಪಾತಕ್ಕೆ ಸಿಗುವುದು ಮಳೆಯ ನೀರು, ಕಟ್ಟೆ ತುಂಬಿ ಮಿಕ್ಕದ್ದು. ಆಟಿ ಶ್ರಾವಣದ ಮಳೆ ಜೋರಾಗಿ ಹಿಡಿದಾಗ, ಅಂದರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೋದರೆ ಜೋಗ ಜೋಗದ ಹಾಗೆ ಇರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ದಸರಾ ರಜಕ್ಕೂ ಸ್ವಲ್ಪ ಉಳಿದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೋದವರಿಗೆ ಬಂಡೆಯೇ ಗತಿ. ಮಕ್ಕಳಿಗೆ ರಜ ಇರುವುದು ಮಾತ್ರ ಆ ಎರಡು ತಿಂಗಳಲ್ಲೇ, ನೋಡಿ ವಿಚಿತ್ರ!

ಈಗ ಮುಂದಿನ ಕಥೆ ಕೇಳಿ. ಊರಿಗೆ ಬಂದ ಮೇಲೆ ಎದುರು ಮನೆಯವರು ಅತ್ತೆಯವರನ್ನು “ಜೋಗ ಹೇಗಿತ್ತು ಅಮ್ಮಾ?” ಎಂದು ಕೇಳಿದರು. “ಕಣ್ಣಿಗೆ ಹಬ್ಬ ಕಣಮ್ಮ, ಹೋಗಿ ಬಾ” ಅಂದುಬಿಟ್ಟರು ಅತ್ತೆ. ಮಗ ಸಾಲ ಮಾಡಿ ಕರೆದುಕೊಂಡು ಹೋಗಿದ್ದಾನೆ, ಅವನ ಮುಖ ಉಳಿಯಬೇಕಲ್ಲ! ಎದುರು ಮನೆಯವರು ಆ ಮಾತನ್ನು ಗಂಟು ಕಟ್ಟಿಕೊಂಡು, ಮಾರನೇ ವರ್ಷ ಏಪ್ರಿಲ್‌ನಲ್ಲಿ ಚೀಟಿ ಹಣ ಎತ್ತಿ, ತಮ್ಮ ಇಬ್ಬರು ತಂಗಿಯರನ್ನೂ ಕರೆದುಕೊಂಡು ಹೊರಟರು. ಅವರೂ ಬಂದು “ತುಂಬಾ ಚೆನ್ನಾಗಿತ್ತು” ಅಂದರು!

ನಿಜ ಹೊರಬಿದ್ದದ್ದು ಎಷ್ಟೋ ವರ್ಷ ಆದ ಮೇಲೆ. ಒಂದು ಮಾಗಿ ಚಳಿಯ ಮಧ್ಯಾಹ್ನ ಇಬ್ಬರೂ ನಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಮಾತಿನ ನಡುವೆ ಅವರು, “ನಿಜ ಹೇಳ್ಲಾ ರೀ? ಜೋಗದಲ್ಲಿ ನಾವು ನೋಡಿದ್ದು ಬರೀ ಕಲ್ಲು. ನಮ್ಮ ತಂಗಿ ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾತೇ ಆಡಲಿಲ್ಲ” ಅಂದರು. “ನಾವು ನೋಡಿದ್ದೂ ಅದೇ” ಅಂದೆ ನಾನು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನಕ್ಕು ಸುಸ್ತಾದ ಮೇಲೆ ಅವರ ಕಣ್ಣಲ್ಲಿ ನೀರಿತ್ತು. ಆ ಚೀಟಿ ಹಣ ಎತ್ತಲು ಅವರು ಎರಡು ವರ್ಷ ಹೂ ಕಟ್ಟಿ ಮಾರಿದ್ದರು.

ಒಂದು ನಿಜವಾದ ಮಾತು ಒಂದು ಮನೆಯಿಂದ ಎದುರು ಮನೆಗೆ ದಾಟದೇ ಹೋದರೆ ಎಷ್ಟು ದುಬಾರಿ ಆಗುತ್ತದೆ ನೋಡಿ!

ಕಳೆದ ವರ್ಷ ಶ್ರಾವಣದಲ್ಲಿ ನಾವಿಬ್ಬರೇ ಮತ್ತೆ ಹೋದೆವು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂದಿದೆಯಲ್ಲ, ಗುರುತಿನ ಚೀಟಿ ತೋರಿಸಿ, ಶೂನ್ಯ ಟಿಕೆಟ್ ಹಿಡಿದು ಸಾಮಾನ್ಯ ಬಸ್ಸಿನಲ್ಲೇ ಶಿವಮೊಗ್ಗ, ಸಾಗರ ಹಾಯ್ದು ಹೋದದ್ದು. ಅಲ್ಲಿ ಹೋಗಿ ನಿಂತರೆ ಏನಿದೆ? ಹಾಲಿನಂಥ ಮಂಜು, ಮಂಜಿನೊಳಗಿಂದ ಗುಡುಗಿನಂಥ ಸದ್ದು. ಜಲಪಾತ ಮಾತ್ರ ಕಾಣದು! ಅರ್ಧ ಗಂಟೆ ಕಾದು ಎಷ್ಟೋ ಮಂದಿ ಹೊರಟೇ ಹೋದರು. ನಾವು ಕೊಡೆ ಹಿಡಿದು, ಬಿಸಿ ಜೋಳ ತಿನ್ನುತ್ತಾ ನಿಂತೆವು. ಒಂದು ಗಂಟೆ ಮೇಲಾಗಿತ್ತೇನೋ, ಯಾರೋ ಪರದೆ ಸರಿಸಿದ ಹಾಗೆ ಮಂಜು ಪಕ್ಕಕ್ಕೆ ಹೋಯಿತು. ನಾಲ್ಕೂ ಧಾರೆ! ಐದು ನಿಮಿಷ ಇತ್ತೋ ಇಲ್ಲವೋ, ಮತ್ತೆ ಮುಚ್ಚಿಕೊಂಡಿತು. ಎದುರು ಮನೆಯವರು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು.

ನಮ್ಮತ್ತೆ 2019ರಲ್ಲೇ ತೀರಿಕೊಂಡರು. ಅವರು ನೋಡಿದ್ದು ಆ ಮೇ ತಿಂಗಳ ಜೋಗವನ್ನು ಮಾತ್ರ.

ಸೂರ್ಯ ಕಾಣದ ಆಗುಂಬೆ

ಜೋಗಕ್ಕೆ ಮಳೆಗಾಲ ಬೇಕು ಅಂದೆ. ಹಾಗೆಂದು ಅದೇ ಪ್ರಯಾಣದಲ್ಲಿ ಆಗುಂಬೆಯ ಸೂರ್ಯಾಸ್ತವನ್ನೂ ನೋಡಿ ಬರುತ್ತೇವೆ ಎಂದು ಹೊರಟೀರಿ, ಹುಷಾರು! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಬಯಲುಸೀಮೆಯಲ್ಲಿ ಸುರಿಯುವುದು ಅದರ ಹತ್ತನೇ ಒಂದು ಪಾಲು ಇದ್ದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸೂರ್ಯ ಎಲ್ಲಿ ಹುಟ್ಟಿದ, ಎಲ್ಲಿ ಮುಳುಗಿದ ಎಂದು ಅಲ್ಲಿಯವರಿಗೇ ತಿಳಿಯುವುದಿಲ್ಲ.

ನಮ್ಮ ನಾದಿನಿ ಮದುವೆಯಾದ ಹೊಸದರಲ್ಲಿ ಆಷಾಢ ಮುಗಿದ ಕೂಡಲೇ ಗಂಡನ ಜೊತೆ ಹೋಗಿದ್ದಳು. ಘಾಟಿಯ ತುದಿಯಲ್ಲಿ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಿಂತು ಅವಳು ಕಂಡದ್ದು ಮೋಡ, ಮೋಡದ ಹಿಂದೆ ಮೋಡ. ಕಾಲಿಗೆ ಇಂಬಳ ಬೇರೆ ಹತ್ತಿ, ಸೀರೆಯ ಅಂಚೆಲ್ಲ ರಕ್ತ. ದೂರದ ಅರಬ್ಬೀ ಸಮುದ್ರದಲ್ಲಿ ಸೂರ್ಯ ಇಳಿಯುವುದನ್ನು ನೋಡಬೇಕೆಂದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ, ಆಕಾಶ ತಿಳಿಯಾಗಿರುವ ಸಂಜೆ ಹೋಗಬೇಕು. ಅಷ್ಟಿದ್ದೂ ಒಂದು ತುಂಡು ಮೋಡ ಅಡ್ಡ ಬಂದರೆ ಆಯಿತು, ಆ ದಿನ ಇಲ್ಲ.

ಆದರೆ ಸೂರ್ಯನ ಆಸೆ ಬಿಟ್ಟು ಮಳೆಯನ್ನೇ ನೋಡಲು ಹೋದವರಿಗೆ ಆಗುಂಬೆ ಎಂದೂ ಮೋಸ ಮಾಡುವುದಿಲ್ಲ. 1980ರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದದ್ದು ಈ ಊರಿನಲ್ಲೇ. ಹಂಚಿನ ಮನೆಗಳು, ಹಸಿರು, ಸೂರಿನಿಂದ ಇಳಿಯುವ ನೀರು. ಯಾವುದನ್ನು ನೋಡಲು ಹೊರಟಿದ್ದೇವೆ ಎನ್ನುವುದು ಮೊದಲು ತೀರ್ಮಾನ ಆಗಬೇಕು, ಆಮೇಲೆ ತಿಂಗಳು.

ಹರಿಯದ ಕಾವೇರಿ

ತಲಕಾವೇರಿಯದು ಇನ್ನೊಂದು ಬಗೆ. ಅಲ್ಲಿ ಯಾವ ತಿಂಗಳು ಹೋದರೂ ‘ಇಷ್ಟೇನಾ?’ ಅನ್ನುವವರು ಇದ್ದೇ ಇರುತ್ತಾರೆ. ತಪ್ಪು ಜಾಗದ್ದಲ್ಲ. ಕನ್ನಂಬಾಡಿ ಕಟ್ಟೆಯ ಸಮುದ್ರದಂಥ ನೀರು ನೋಡಿದ ಕಣ್ಣು, ಶ್ರೀರಂಗಪಟ್ಟಣದಲ್ಲಿ ಮುಳುಗೆದ್ದ ಮೈ, ಕಾವೇರಿ ಹುಟ್ಟುವ ಜಾಗ ಎಂದರೆ ಅದಕ್ಕಿಂತ ಭವ್ಯವಾಗಿರಬೇಕು ಎಂದುಕೊಂಡಿರುತ್ತದೆ. ಅಲ್ಲಿ ಇರುವುದು ಬ್ರಹ್ಮಗಿರಿ ಬೆಟ್ಟದ ಮಗ್ಗುಲಲ್ಲಿ ಒಂದು ಪುಟ್ಟ ಕುಂಡಿಕೆ, ಅದರ ಮುಂದೆ ಒಂದು ಕೊಳ. ನಿಂತ ನೀರು. ಹರಿಯುವುದು ಎಲ್ಲೂ ಕಾಣುವುದಿಲ್ಲ. ನೀರು ನೆಲದೊಳಗೆ ಇಳಿದು ಕೆಳಗೆಲ್ಲೋ ಹೊರಬರುತ್ತದೆ ಎನ್ನುತ್ತಾರೆ.

ನಮ್ಮ ಜೊತೆ ಬಂದಿದ್ದ ಒಬ್ಬ ಹಿರಿಯರು ಸುತ್ತಮುತ್ತ ಹುಡುಕಿ, “ಅಲ್ಲಮ್ಮ, ನದಿ ಎಲ್ಲಿ?” ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಅವರಿಗೆ ಅರ್ಚಕರು ಚೆನ್ನಾಗಿ ಉತ್ತರ ಕೊಟ್ಟರು: “ಮಗು ಹುಟ್ಟಿದ ದಿನ ನೋಡಿದರೆ ಎಷ್ಟು ಇರುತ್ತೆ ಅಜ್ಜಾ?”

ಅಷ್ಟು ಸಣ್ಣದು ಇಷ್ಟು ದೊಡ್ಡದಾಗುತ್ತದೆ ಎಂದು ತಿಳಿದು ನೋಡಿದರೆ ಆ ಕುಂಡಿಕೆಯ ಮುಂದೆ ಮೈ ಜುಮ್ಮೆನ್ನುತ್ತದೆ. ನೀರಿನ ದೃಶ್ಯವೇ ಬೇಕು ಎನ್ನುವವರು ಕೆಳಗೆ 8 ಕಿಲೋಮೀಟರ್ ದೂರದ ಭಾಗಮಂಡಲದ ಸಂಗಮದಲ್ಲಿ ಕಾಲು ಇಳಿಬಿಟ್ಟು ಕೂರಲಿ. ಕಾವೇರಿಯೂ ಕನ್ನಿಕೆಯೂ ಅಲ್ಲಿ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಗುಪ್ತಗಾಮಿನಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಹೋಗುವ ಮನಸ್ಸಿದ್ದರೆ ಮಾತ್ರ ಜನಜಂಗುಳಿಗೆ ಸಿದ್ಧರಾಗಿ ಹೋಗಿ. ಮುಹೂರ್ತ ನಡುರಾತ್ರಿ ಬಿದ್ದರೂ ಬಿದ್ದೀತು. ಕೊಡಗಿನ ಚಳಿಗೆ ಹಿರಿಯರಿಗೆ ಕಂಬಳಿ ಮರೆಯಬೇಡಿ.

ಎಲ್ಲರೂ ಕೂಗುವ ಗೋಳಗುಮ್ಮಟ

ತಿಂಗಳೂ ಸರಿ ಇತ್ತು, ಜಾಗವೂ ದೊಡ್ಡದೇ ಇತ್ತು. ಆದರೂ ಬೇಸರ ಆಯಿತು ಎನ್ನುವುದಕ್ಕೆ ವಿಜಯಪುರದ ಗೋಳಗುಮ್ಮಟ ಸಾಕ್ಷಿ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಗುಮ್ಮಟದ ಅಡ್ಡಳತೆಯೇ ಹೊರಗಿನಿಂದ ಸುಮಾರು 44 ಮೀಟರ್. ಒಳಗೆ ಸುತ್ತಲೂ ಇರುವ ಮೊಗಸಾಲೆಯಲ್ಲಿ ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ, ಕೂಗಿದರೆ ಮತ್ತೆ ಮತ್ತೆ ಪ್ರತಿಧ್ವನಿ ಬರುತ್ತದೆ. ಇದನ್ನು ಶಾಲೆಯಲ್ಲಿ ಓದದವರು ಯಾರು?

ನಾವು ಹೋದದ್ದು ಜನವರಿ ತಿಂಗಳು, ಸಂಬಂಧಿಕರ ಮದುವೆಗೆ. ಬಿಸಿಲೇನೋ ಹಿತವಾಗಿತ್ತು. ಆದರೆ ಅದು ಶಾಲಾ ಪ್ರವಾಸದ ಕಾಲವೂ ಹೌದು. ಮೂಲೆಯ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು ಮೇಲೆ ಹೋದರೆ ನಾಲ್ಕು ಬಸ್ಸಿನ ಮಕ್ಕಳು ಒಟ್ಟಿಗೆ “ಹೋ” ಎಂದು ಕೂಗುತ್ತಿದ್ದಾರೆ. ಒಂದು ಕೂಗು ಹಲವಾಗುವ ಜಾಗದಲ್ಲಿ ಇನ್ನೂರು ಕೂಗು! ತಲೆನೋವು ಬಂದದ್ದೇ ಲಾಭ.

ಕಾವಲಿನ ಮನುಷ್ಯ ಒಬ್ಬರು ನಮ್ಮ ಮುಖ ನೋಡಿ, “ಅಕ್ಕಾರ, ನಾಳೆ ಬಾಗಲಾ ತಗಿಯೂ ಹೊತ್ತಿಗೇ ಬರ್ರಿ” ಎಂದರು. ಬೆಳಗ್ಗೆ ಹೇಗೂ ಬಸ್ಸಿಗೆ ಸಮಯವಿತ್ತು, ಹೋದೆವು. ಮೇಲೆ ನಾವು ಆರು ಜನ ಬಿಟ್ಟರೆ ಪಾರಿವಾಳಗಳು. ನಮ್ಮ ಯಜಮಾನರು ಆ ತುದಿಗೆ ಹೋಗಿ ಗೋಡೆಗೆ ಬಾಯಿಟ್ಟರು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದೆ, ಇಂಥ ಜಾಗದಲ್ಲಾದರೂ ಏನು ಹೇಳಿಯಾರು ಎಂದು ನಾನು ಕಿವಿಯಿಟ್ಟು ಕಾದೆ. “ಲೇ, ಕಾಫಿ ಎಲ್ಲಿ ಸಿಗತ್ತೆ ನೋಡು” ಎಂದು ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳಿಸಿತು! ಗುಮ್ಮಟ ಕಟ್ಟಿದವರ ಕೈಗೆ ನಮಸ್ಕಾರ ಹೇಳಿದೆ. ಹಿಂದಿನ ಮಧ್ಯಾಹ್ನವೂ ಅದೇ ಗುಮ್ಮಟ, ಮಾರನೇ ಬೆಳಗ್ಗೆಯೂ ಅದೇ ಗುಮ್ಮಟ. ಬದಲಾದದ್ದು ಗಡಿಯಾರ ಮಾತ್ರ.

ವಾರ ನೋಡಿ ಹೊರಡಿ

ನಾವು ಮನೆಯಲ್ಲಿ ಮಂಗಳವಾರ ಶುಕ್ರವಾರ ನೋಡದೆ ಉಗುರು ಸಹ ಕತ್ತರಿಸುವುದಿಲ್ಲ. ಪ್ರವಾಸಕ್ಕೆ ಹೊರಡುವಾಗ ಮಾತ್ರ ವಾರದ ಕಡೆ ಗಮನವೇ ಇರುವುದಿಲ್ಲ. ಆಗ್ರಾದ ತಾಜ್ ಮಹಲ್‌ಗೆ ಶುಕ್ರವಾರ ಪ್ರವಾಸಿಗರನ್ನು ಬಿಡುವುದಿಲ್ಲ. ನಮ್ಮ ಓರಗಿತ್ತಿ ಬಸ್ಸಿನವರು ಏರ್ಪಡಿಸಿದ್ದ ಉತ್ತರ ಭಾರತ ಯಾತ್ರೆಗೆ ಹೋಗಿ, ಹದಿನೈದು ದಿನದ ಪ್ರಯಾಣದಲ್ಲಿ ಆಗ್ರಾ ತಲುಪಿದ್ದು ಸರಿಯಾಗಿ ಶುಕ್ರವಾರ. ಶನಿವಾರ ಬೆಳಗ್ಗೆ ಬಸ್ಸು ಬೇರೆ ಊರಿನಲ್ಲಿರಬೇಕಿತ್ತು. ಯಮುನೆಯ ಆಚೆ ದಂಡೆಯಿಂದ ಕಂಡಷ್ಟು ಕಂಡು ಬಂದಳು. ಈಗಲೂ ತಾಜ್ ಮಹಲ್ ಎಂದರೆ ಅವಳಿಗೆ ಸಿಟ್ಟು ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಮುಂಜಾನೆ ದಟ್ಟ ಮಂಜು ಕವಿಯುವುದೂ ಉಂಟು, ಅದೂ ನೆನಪಿರಲಿ.

ಅಷ್ಟು ದೂರ ಯಾಕೆ, ನಮ್ಮ ಮೈಸೂರನ್ನೇ ತೆಗೆದುಕೊಳ್ಳಿ. ಅರಮನೆಯ ದೀಪಾಲಂಕಾರ, ಹತ್ತಿರ ಹತ್ತಿರ 1 ಲಕ್ಷ ದೀಪ, ದಿನವೂ ಒಂದೇ ರೀತಿ ಇರುವುದಿಲ್ಲ. ದಸರೆಯನ್ನು ಬಿಟ್ಟರೆ ಮುಖ್ಯವಾಗಿ ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳ ಸಂಜೆ. ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜ. ಸೋಮವಾರ ಸಂಜೆ ಬಂದು ಕತ್ತಲೆಯ ಅರಮನೆ ನೋಡಿ, ಮಂಗಳವಾರ ಬೆಳಗ್ಗೆ ಮುಚ್ಚಿದ ಮೃಗಾಲಯದ ಮುಂದೆ ಅಳುವ ಮಕ್ಕಳನ್ನು ಸಮಾಧಾನ ಮಾಡುತ್ತಿದ್ದ ತಾಯಂದಿರನ್ನು ನಾನೇ ಕಂಡಿದ್ದೇನೆ.

ಸಿನಿಮಾದಲ್ಲಿ ಕಂಡ ಊಟಿ

ಊಟಿಯ ಮಾತು ಬೇರೆ. ನಾವೆಲ್ಲ ಊಟಿಯನ್ನು ಮೊದಲು ನೋಡಿದ್ದು ಸಿನಿಮಾದಲ್ಲಿ. ಅಲ್ಲಿ ನಾಯಕ ನಾಯಕಿ ಇಬ್ಬರೇ, ಹಿಂದೆ ಇಡೀ ಬೆಟ್ಟ. ಮೇ ತಿಂಗಳಲ್ಲಿ ನಾವು ಹೋದಾಗ ಬೆಟ್ಟಕ್ಕಿಂತ ಹೆಚ್ಚಾಗಿ ನೋಡಿದ್ದು ಮುಂದಿನ ಕಾರಿನ ಹಿಂಭಾಗವನ್ನು. ತಿರುವಿನಲ್ಲಿ ಗಾಡಿ ನಿಂತರೆ ನಿಂತೇ ಇತ್ತು. ಮಕ್ಕಳು ವಾಂತಿ ಮಾಡಿಕೊಂಡರು. ಸರೋವರದ ದೋಣಿಗೆ ಸಾಲು, ಉದ್ಯಾನಕ್ಕೆ ಸಾಲು, ಊಟಕ್ಕೆ ಸಾಲು. 1908ರಿಂದ ಊಟಿಯವರೆಗೆ ಓಡುತ್ತಿರುವ ಪುಟ್ಟ ರೈಲು ಮೇಟ್ಟುಪಾಳ್ಯದಿಂದ 46 ಕಿಲೋಮೀಟರ್ ಬೆಟ್ಟ ಹತ್ತುತ್ತದೆ. ಅದರ ಟಿಕೆಟ್ಟು ಬಹಳ ಮುಂಚೆಯೇ ಮುಗಿದಿರುತ್ತದೆ, ಹೋದ ದಿನ ಹೋಗಿ ಕೇಳಿದರೆ ಸಿಗುವಂಥದ್ದಲ್ಲ.

ವಾಹನಗಳ ಕಾಟ ಎಷ್ಟಾಯಿತೆಂದರೆ ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬೇಕೆಂದು ಮಾಡಿದರು. ಹೊರಡುವ ಮುನ್ನ ಮನೆಯ ಮಕ್ಕಳ ಕೈಲಿ ಈಗಿನ ನಿಯಮ ಏನೆಂದು ಮೊಬೈಲಿನಲ್ಲಿ ನೋಡಿಸಿಕೊಳ್ಳಿ. ಮೇ ತಿಂಗಳಲ್ಲಿ ಅಲ್ಲಿ ಚಳಿಯಲ್ಲ, ಜನರೇ ಹೆಚ್ಚು ಎಂದು ನಾನು ಯಾರು ಕೇಳಿದರೂ ಈಗ ಹೇಳುತ್ತೇನೆ. ಕೇಳಿದವರಿಗೆ ಸ್ವಲ್ಪ ಬೇಸರವಾಗುತ್ತದೆ, ಆಗಲಿ. ಘಾಟಿಯಲ್ಲಿ ಸಿಕ್ಕಿಕೊಂಡು ಆಗುವುದಕ್ಕಿಂತ ಮನೆಯಲ್ಲೇ ಆಗುವುದು ಮೇಲು.

ಕಥೆ ಹೇಳುವವರಿಲ್ಲದ ಹಂಪಿ

ಹಂಪಿಗೆ ಹೋಗಿ ಬಂದವರಲ್ಲಿ ಅರ್ಧ ಜನ “ಬರೀ ಕಲ್ಲು, ಬರೀ ಬಿಸಿಲು” ಎನ್ನುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಬಳ್ಳಾರಿ, ಹೊಸಪೇಟೆ ಕಡೆ ಬರಿಗಾಲಲ್ಲಿ ಗುಡಿ ಸುತ್ತಿದವರು ಮತ್ತೇನು ಹೇಳಿಯಾರು? ನವೆಂಬರ್‌ನಿಂದ ಫೆಬ್ರವರಿ ಅಲ್ಲಿಗೆ ಸರಿಯಾದ ಕಾಲ. ಆದರೆ ಬಿಸಿಲಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅಲ್ಲಿ ಕಥೆ ಗೊತ್ತಿಲ್ಲದವರಿಗೆ ಕಲ್ಲು ಮಾತಾಡುವುದಿಲ್ಲ.

2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನ ಹಿಂಭಾಗ ನೋಡಿ, ಹಂಪಿಯ ಕಲ್ಲಿನ ರಥ ಇದೆ. ನೋಟಿನಲ್ಲಿ ಇರುವುದನ್ನು ಕಣ್ಣಾರೆ ಕಂಡು, ಒಂದು ಫೋಟೋ ತೆಗೆಸಿಕೊಂಡು ವಾಪಸ್ಸು ಹೊರಡುವವರೇ ಹೆಚ್ಚು. ಸಂಗೀತದ ಕಂಬಗಳನ್ನು ಬಾರಿಸಿ ಕೇಳೋಣವೆಂದರೆ ಅವಕ್ಕೆ ಪೆಟ್ಟಾಗಬಾರದೆಂದು ಈಗ ಮುಟ್ಟಲು ಬಿಡುವುದಿಲ್ಲ. ಸರಿಯೇ ಅದು. ಆದರೆ 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಬೀದಿಗಳ ಮಾರುಕಟ್ಟೆಯನ್ನೂ ಮಹಾನವಮಿ ಉತ್ಸವವನ್ನೂ ಬೆರಗಿನಿಂದ ಬರೆದಿಟ್ಟಿದ್ದಾನೆ ಎಂದು ತಿಳಿದು ಮಹಾನವಮಿ ದಿಬ್ಬದ ಮುಂದೆ ನಿಂತು ನೋಡಿ. ಅದರ ಗೋಡೆಯಲ್ಲಿ ಸಾಲುಸಾಲಾಗಿ ನರ್ತಕಿಯರು, ಆನೆಗಳು, ಕುದುರೆಗಳು. ನಮ್ಮ ಮನೆಯ ಬೊಂಬೆ ಹಬ್ಬದ ಮೆಟ್ಟಿಲು ನೆನಪಾಗದಿದ್ದರೆ ಕೇಳಿ! 1565ರ ಯುದ್ಧದಲ್ಲಿ ಸೋತ ಮೇಲೆ ಆ ಊರು ಹಾಳಾಯಿತು ಎಂದು ಗೊತ್ತಿದ್ದವಳಿಗೆ ಬೋಳು ಗೋಡೆಯೂ ಕಥೆ ಹೇಳುತ್ತದೆ. ನಾಲ್ಕೈದು ಮನೆಯವರು ಸೇರಿ ಹೋದರೆ ಮಾರ್ಗದರ್ಶಿಯ ಹಣ ತಲೆಗೆ ಸ್ವಲ್ಪವೇ ಬೀಳುತ್ತದೆ. ಆ ದುಡ್ಡು ಉಳಿಸಲು ಹೋಗಿ ಪ್ರವಾಸವನ್ನೇ ಕಳೆದುಕೊಳ್ಳಬೇಡಿ.

ಬ್ಯಾಗಿನಲ್ಲಿ ಹೊತ್ತ ಅಡುಗೆಮನೆ

ಇನ್ನೊಂದು ಮಾತು, ಇದನ್ನು ಗಂಡಸರು ಬರೆದ ಪ್ರವಾಸ ಕಥನಗಳಲ್ಲಿ ನೀವು ಓದಿರಲಾರಿರಿ. ಎಷ್ಟೋ ಸಲ ಜಾಗ ಚೆನ್ನಾಗಿಯೇ ಇರುತ್ತದೆ, ನಾವೇ ಅದನ್ನು ನೋಡಿರುವುದಿಲ್ಲ. ಎಲ್ಲರೂ ಮೇಲೆ ಹತ್ತುವಾಗ ಚೀಲಗಳ ಕಾವಲಿಗೆ ಕೂತವರು ಯಾರು? ಚಪಾತಿಗೆ ಪಲ್ಯ ಸುತ್ತಿ ಕೊಡುತ್ತಾ, ಮಗುವಿನ ಬಟ್ಟೆ ಬದಲಿಸುತ್ತಾ, ಮಾವನವರ ಮಾತ್ರೆ ಹುಡುಕುತ್ತಾ ಇದ್ದವರು ಯಾರು? ದಾರಿಯಲ್ಲಿ ಶೌಚಾಲಯ ಸಿಗುವುದೋ ಇಲ್ಲವೋ ಎಂದು ಹೆದರಿ ಬೆಳಗಿನಿಂದ ಒಂದು ಲೋಟ ನೀರು ಕುಡಿಯದೆ, ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತಾ ಕೂತವರು ಯಾರು? ಹೀಗೆ ನೋಡಿದವಳಿಗೆ ಸ್ವರ್ಗವೂ ‘ಇಷ್ಟೇನಾ?’ ಅನ್ನಿಸೀತು.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಚೀಲ ಕಾಯುವುದು ಸರದಿಯ ಮೇಲೆ, ಒಂದು ಜಾಗದಲ್ಲಿ ನಾನು, ಮುಂದಿನ ಜಾಗದಲ್ಲಿ ಯಜಮಾನರು, ಆಮೇಲೆ ಮಗ. ಮೊದಮೊದಲು ಗೊಣಗಿದರು, ಈಗ ಅಭ್ಯಾಸವಾಗಿದೆ. ತಿಂಡಿಯೂ ಅಷ್ಟೇ. ಬಡಿಸುವ ಕೆಲಸವೇ ಬೇಡವೆಂದು ಗೊಜ್ಜವಲಕ್ಕಿಯನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಬಿಡುತ್ತೇನೆ. ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ, ಹುಣಸೆ ರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಕಲಸಿದ ನೀರಿನಲ್ಲಿ ನೆನೆಸಿ, ಉದುರಾದ ಮೇಲೆ ಕಡಲೆಕಾಯಿ ಬೀಜದ ಒಗ್ಗರಣೆ ಕೊಟ್ಟರೆ ಆಯಿತು. ಹೊರಡುವ ದಿನ ಬೆಳಗ್ಗೆ ಮಾಡಿದ್ದು ಸಂಜೆವರೆಗೂ ಕೆಡುವುದಿಲ್ಲ. ತೆಂಗಿನಕಾಯಿ ಮಾತ್ರ ಹಾಕಬೇಡಿ.

ಹೋಗಿ ಬಂದವರನ್ನು ಕೇಳಬೇಕಾದ ಪ್ರಶ್ನೆ

“ಹೇಗಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತು” ಎನ್ನುವ ಉತ್ತರವೇ ಬರುವುದು. ಆದ್ದರಿಂದ ಕೇಳುವ ರೀತಿಯನ್ನೇ ಬದಲಾಯಿಸಿ.

1. ಯಾವ ತಿಂಗಳು ಹೋಗಿದ್ದಿರಿ? ಆಗ ನೀರು, ಮಂಜು, ಬಿಸಿಲು ಹೇಗಿತ್ತು?

2. ಯಾವ ವಾರ, ಎಷ್ಟು ಗಂಟೆಗೆ? ಜನ ಎಷ್ಟಿದ್ದರು?

3. ದಾರಿಯಲ್ಲಿ ಎಷ್ಟು ಹೊತ್ತು, ಜಾಗದಲ್ಲಿ ಎಷ್ಟು ಹೊತ್ತು?

4. ಮೆಟ್ಟಿಲು ಎಷ್ಟು? ಅಮ್ಮನಿಗೆ, ಅತ್ತೆಗೆ ಹತ್ತಲು ಆದೀತೇ?

5. ಹೆಂಗಸರಿಗೆ ಶೌಚಾಲಯ ಎಲ್ಲಿತ್ತು?

6. ಅಲ್ಲಿ ಇದೆ ಅಂದುಕೊಂಡು ಹೋಗಿ, ಇಲ್ಲದೇ ಇದ್ದದ್ದು ಏನು?

ಈ ಆರನೆಯ ಪ್ರಶ್ನೆ ಬಹಳ ಮುಖ್ಯ. ಕೇಳಿದ ಕೂಡಲೇ ಎದುರಿನವರು ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ನಿಜ ಹೇಳುತ್ತಾರೆ.

ಈಗ ನಮ್ಮ ಕೈಯಲ್ಲಿ ಶೂನ್ಯ ಟಿಕೆಟ್ಟಿದೆ. ರಾಜ್ಯದೊಳಗೆ ಬಸ್ಸಿನ ದುಡ್ಡಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಮಕ್ಕಳ ರಜ ಬರಲೆಂದು ಕಾದು, ಬತ್ತಿದ ಜಲಪಾತಕ್ಕೇ ಹೋಗಬೇಕೆಂದೂ ಇಲ್ಲ. ಬೀದಿಯ ನಾಲ್ಕು ಜನ ಸೇರಿ, ಮನೆಯವರಿಗೆ ಎರಡು ದಿನದ ಸಾರು ಮಾಡಿಟ್ಟು, ಸರಿಯಾದ ತಿಂಗಳು ನೋಡಿ ಹೊರಡಬಹುದು. ಆದರೆ ಮನೆಗೆಲಸ ಬಿಟ್ಟು ಹೋಗುವ ಆ ಎರಡು ದಿನ ಪುಕ್ಕಟೆಯಲ್ಲ, ಅದಕ್ಕೆ ಬೆಲೆ ಇದೆ.

ಆದ್ದರಿಂದ ನೀವು ಹೋಗಿ ಬಂದ ಜಾಗದ ನಿಜವನ್ನು ಪಕ್ಕದ ಮನೆಯವರಿಗೆ ಹೇಳಿ. ಚೆನ್ನಾಗಿದ್ದರೆ ಯಾವಾಗ ಚೆನ್ನಾಗಿತ್ತು ಎಂದು ಹೇಳಿ. ಇಲ್ಲದಿದ್ದರೆ ಇಲ್ಲ ಎನ್ನಿ. ಅದರಿಂದ ಕರೆದುಕೊಂಡು ಹೋದವರ ಮರ್ಯಾದೆಯೇನೂ ಕಡಿಮೆಯಾಗದು. ಹೂ ಕಟ್ಟಿ ದುಡ್ಡು ಕೂಡಿಸುತ್ತಿರುವ ಯಾರೋ ಒಬ್ಬಳಿಗೆ ಮಾತ್ರ ಅದರಿಂದ ದೊಡ್ಡ ಉಪಕಾರ ಆದೀತು.